ವೆಬ್‌ನಲ್ಲಿ ಅಂಗಡಿಯ ಮಾಹಿತಿ, ಅಂಗಡಿಯ ಜಾಹೀರಾತು: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಜಗಳೂರು ಕಡೆ ಅಂಗಡಿ, ಹೋಟೆಲ್, ಲ್ಯಾಬ್, ಕೋಚಿಂಗ್ ಸೆಂಟರ್ ನಡೆಸುವವರು ನಮ್ಮನ್ನು ಕೇಳುವ ಪ್ರಶ್ನೆಗಳಿವು. ಹೆಚ್ಚಿನವರು ಜಾಹೀರಾತಿನಿಂದ ಶುರು ಮಾಡುತ್ತಾರೆ. ನಾವು ಮಾಹಿತಿಯಿಂದ ಶುರು ಮಾಡಿ ಅನ್ನುತ್ತೇವೆ. ಜಾಹೀರಾತು ಜನರನ್ನು ನಿಮ್ಮ ಪುಟದವರೆಗೆ ಮಾತ್ರ ತರುತ್ತದೆ. ಬಂದವರಿಗೆ ಅಲ್ಲಿ ಸರಿಯಾದ ಫೋನ್ ನಂಬರ್, ಸಮಯ, ದರ ಸಿಗದಿದ್ದರೆ ಖರ್ಚು ಮಾಡಿದ ದುಡ್ಡೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ನಮ್ಮದು ಸಣ್ಣ ಅಂಗಡಿ. ವೆಬ್‌ಸೈಟ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮಾರುವವರಿಗೆ ವೆಬ್‌ಸೈಟ್ ಮಾಡಿಸಿ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಮ್ಯಾಪ್‌ನಲ್ಲಿ ಸರಿಯಾದ ಜಾಗ, ತೆರೆಯುವ ಸಮಯ, ಒಂದು ನಂಬರ್ ಇದ್ದರೆ ಸಾಕು.

ದೂರದಿಂದ ಗಿರಾಕಿ ಬರುವ ಕಡೆ ಮಾತೇ ಬೇರೆ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿಯಿಂದ ಜನ ಇಲ್ಲಿನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಬಟ್ಟೆಗೆ ಬರುತ್ತಾರೆ. ಬಸ್ಸು ಹತ್ತುವ ಮೊದಲು ಮನೆಯಲ್ಲಿ ಯಾರಾದರೊಬ್ಬರು ಫೋನ್ ತೆಗೆದು ನೋಡುತ್ತಾರೆ. ಇವತ್ತು ಸ್ಕ್ಯಾನಿಂಗ್ ಇದೆಯಾ? ಖಾಲಿ ಹೊಟ್ಟೆಯಲ್ಲಿ ಬರಬೇಕಾ? ರಿಪೋರ್ಟ್ ಅವತ್ತೇ ಸಿಗುತ್ತಾ? ಎಷ್ಟಾಗುತ್ತೆ? ಇಷ್ಟಕ್ಕೆ ಉತ್ತರ ಬರೆದಿಟ್ಟರೆ ಒಬ್ಬ ರೋಗಿಗೆ ಸುಮ್ನೆ ಬಂದು ಹೋಗುವುದು ತಪ್ಪುತ್ತದೆ. ಅವರ ಜೊತೆ ಬರುವವರ ಒಂದು ದಿನದ ಕೂಲಿಯೂ ಉಳಿಯುತ್ತದೆ. ಇಂಥ ಕಡೆ ಒಂದೇ ಪುಟದ್ದಾದರೂ ಸರಿ, ಸ್ವಂತ ಸೈಟ್ ಇರಲಿ.

ಆ ಪುಟದಲ್ಲಿ ಮೊದಲು ಏನಿರಬೇಕು?

ಗಿರಾಕಿ ಫೋನ್ ಮಾಡಿ ಕೇಳುವ ಮಾತುಗಳೇ ಇರಬೇಕು. ಒಂದು ವಾರ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ಜಾಸ್ತಿ ಬಂದ ಪ್ರಶ್ನೆಯ ಉತ್ತರ ಪುಟದ ಮೇಲ್ಭಾಗಕ್ಕೆ ಹೋಗಲಿ. "ನಮ್ಮ ಧ್ಯೇಯ, ನಮ್ಮ ದೃಷ್ಟಿ" ಅಂತ ಬರೆಯುವ ಭಾಗವನ್ನು ಯಾರೂ ಓದುವುದಿಲ್ಲ. ಅದಕ್ಕೆ ಜಾಗ ಕೊಡಬೇಡಿ.

ವಿಳಾಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮೂರಲ್ಲಿ ಯಾರೂ ಡೋರ್ ನಂಬರ್ ಹುಡುಕಿಕೊಂಡು ಬರುವುದಿಲ್ಲ. ಜಯದೇವ ಸರ್ಕಲ್‌ನಿಂದ ಯಾವ ಕಡೆ, ರಾಂ ಅಂಡ್ ಕೋ ಸರ್ಕಲ್ ದಾಟಿದ ಮೇಲೋ ಮೊದಲೋ, ಗುಂಡಿ ಸರ್ಕಲ್‌ಗೆ ಎಷ್ಟು ದೂರ ಅಂತ ಕೇಳುತ್ತಾರೆ. ರೈಲ್ವೆ ಹಳಿಯ ಯಾವ ಬದಿ ಅನ್ನುವುದನ್ನಂತೂ ಬರೆಯಲೇಬೇಕು. ಊರು ಗೊತ್ತಿಲ್ಲದವರು ಹಳಿಯ ತಪ್ಪು ಬದಿಗೆ ಬಂದರೆ ಮತ್ತೆ ಸುತ್ತಿಕೊಂಡು ಹೋಗಬೇಕು. ವಯಸ್ಸಾದವರು ಬರುವ ಜಾಗವಾದರೆ ಮೆಟ್ಟಿಲು ಎಷ್ಟಿವೆ, ಲಿಫ್ಟ್ ಇದೆಯಾ, ಆಟೊ ಬಾಗಿಲವರೆಗೆ ಬರುತ್ತಾ ಅನ್ನುವುದನ್ನೂ ಹಾಕಿ.

ಸಮಯದ ವಿಷಯದಲ್ಲಿ ಹೋಟೆಲ್‌ನವರಿಗೆ ಒಂದು ಮಾತು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುತ್ತಿರುವಾಗಲೇ ಬೆಣ್ಣೆ ದೋಸೆಗೆ ಊರೊಳಗೆ ಹೋಗಬೇಕಾ ಬೇಡವಾ ಅಂತ ಯೋಚಿಸುತ್ತಾರೆ. ಬೈಪಾಸ್ ಹತ್ತಿರ ಗಾಡಿ ನಿಲ್ಲಿಸಿ ಫೋನ್ ನೋಡುತ್ತಾರೆ. ನೀವು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವವರಾದರೆ ಹಾಗೇ ಎರಡು ಭಾಗ ಮಾಡಿ ಬರೆಯಿರಿ. "ಬೆಳಿಗ್ಗೆಯಿಂದ ರಾತ್ರಿವರೆಗೆ" ಅಂತ ಹಾಕಿ, ಬಂದವರಿಗೆ ಮುಚ್ಚಿದ ಬಾಗಿಲು ತೋರಿಸಿದರೆ ಅವರು ಮತ್ತೆ ಬರುವುದಿಲ್ಲ. ವಾರದ ರಜೆ ಯಾವತ್ತು, ಪಾರ್ಸೆಲ್ ಕೊಡುತ್ತೀರಾ, ಕಾರು ನಿಲ್ಲಿಸಲು ಜಾಗ ಎಲ್ಲಿದೆ ಅನ್ನುವುದೂ ಅಲ್ಲೇ ಇರಲಿ.

ದರ ಬರೆದರೆ ಪಕ್ಕದ ಅಂಗಡಿಯವರು ನೋಡಿಬಿಡುತ್ತಾರೆ ಅನ್ನುವ ಭಯ ತುಂಬಾ ಜನರಿಗಿದೆ. ಪಕ್ಕದವರಿಗೆ ನಿಮ್ಮ ದರ ಆಗಲೇ ಗೊತ್ತು. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ನಿಖರ ದರ ಹೇಳಲು ಆಗದ ಕೆಲಸವಾದರೆ "ಇಷ್ಟರಿಂದ ಇಷ್ಟರವರೆಗೆ" ಅಂತಲಾದರೂ ಹಾಕಿ.

ಪಾಂಪ್ಲೆಟ್‌ನ ಫೋಟೊ ತೆಗೆದು ಹಾಕಿದರೆ ಸಾಲದಾ?

ಸಾಲದು. ಚಿತ್ರದೊಳಗಿನ ಅಕ್ಷರವನ್ನು ಹುಡುಕಾಟದ ಯಂತ್ರ ಪ್ರತಿಸಲ ಸರಿಯಾಗಿ ಓದುತ್ತದೆ ಅಂತ ನಂಬುವಂತಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳದೇ ಇರಬಹುದು. ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ, ವಿಳಾಸವನ್ನು ಕಾಪಿ ಮಾಡುವುದೂ ಕಷ್ಟ. ಚಿತ್ರ ಇರಲಿ, ಆದರೆ ಅದರಲ್ಲಿರುವ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷಿನಲ್ಲಾ?

ಎರಡರಲ್ಲೂ ಬರೆಯಿರಿ. ಕನ್ನಡ ಮೊದಲು ಬರಲಿ. ಬರುವವರು ನಮ್ಮವರೇ ಅಲ್ವಾ.

ಆದರೆ ಕನ್ನಡದವರೇ ಹುಡುಕುವಾಗ ಇಂಗ್ಲಿಷ್ ಅಕ್ಷರ ಒತ್ತುವುದು ಮಾಮೂಲಿ. ಊರಿನ ಹೆಸರನ್ನೇ ಎರಡು ಮೂರು ರೀತಿ ಬರೆಯುತ್ತಾರೆ. ಹಾಗಾಗಿ ಅಂಗಡಿ ಹೆಸರು, ಊರು, ಬಡಾವಣೆ, ಮುಖ್ಯ ಸರಕು ಇಷ್ಟನ್ನು ಎರಡೂ ಲಿಪಿಯಲ್ಲಿ ಹಾಕಿ. ಮೆನುವನ್ನು ಯಂತ್ರದಲ್ಲಿ ಅನುವಾದ ಮಾಡಿಸಿ ಹಾಗೇ ಹಾಕಬೇಡಿ. ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಒಮ್ಮೆ ಓದಲೇಬೇಕು.

ಇನ್ನೊಂದು ತೊಂದರೆ ಡಿಟಿಪಿ ಅಂಗಡಿಯಿಂದ ಬರುತ್ತದೆ. ಮದುವೆ ಕಾರ್ಡು, ಪಾಂಪ್ಲೆಟ್ ಮಾಡುವ ಕಡೆ ಇನ್ನೂ ನುಡಿ, ಬರಹದ ಹಳೆಯ ಫಾಂಟ್ ಬಳಸುತ್ತಾರೆ. ಆ ಫೈಲಿನಿಂದ ಕಾಪಿ ಮಾಡಿ ವೆಬ್‌ಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ವೆಬ್‌ಗೆ ಯೂನಿಕೋಡ್ ಕನ್ನಡವೇ ಬೇಕು, ಅಂದರೆ ಯಾವ ಫೋನ್, ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಈಗಿನ ನುಡಿ, ಬರಹ ತಂತ್ರಾಂಶಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಫೋನಿನ ಕೀಬೋರ್ಡ್‌ನಲ್ಲಿ ಒತ್ತಿದ ಕನ್ನಡವಂತೂ ಯೂನಿಕೋಡೇ. ಹಳೆಯ ಫೈಲ್ ಇದ್ದರೆ ಪರಿವರ್ತಕದಲ್ಲಿ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯಾ ನೋಡಿ.

ಗೂಗಲ್ ಮ್ಯಾಪ್‌ನಲ್ಲಿ ಹೆಸರು ಸೇರಿಸಲು ದುಡ್ಡು ಕೊಡಬೇಕಾ?

ಒಂದು ಪೈಸೆಯೂ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅಂಗಡಿ ನಿಮ್ಮದೇ ಅಂತ ತೋರಿಸಲು ಫೋನ್ ಕರೆ, ವೀಡಿಯೊ ಹೀಗೆ ಯಾವುದಾದರೊಂದು ಪರಿಶೀಲನೆ ಇರುತ್ತದೆ. ವೀಡಿಯೊ ಕೇಳಿದರೆ ಬೋರ್ಡು, ರಸ್ತೆ, ಒಳಗಿನ ಕೌಂಟರ್ ಕಾಣುವಂತೆ ಒಂದೇ ಓಟದಲ್ಲಿ ತೆಗೆಯಿರಿ.

"ಗೂಗಲ್ ಕಚೇರಿಯಿಂದ ಮಾತಾಡ್ತಿದ್ದೇವೆ, ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತೆ, ಓಟಿಪಿ ಹೇಳಿ" ಅಂತ ಕರೆ ಬಂದರೆ ಇಟ್ಟುಬಿಡಿ. ಓಟಿಪಿ ಹೇಳಿದರೆ ನಿಮ್ಮ ಅಂಗಡಿಯ ಪುಟ ಅವರ ಕೈಗೆ ಹೋಗುತ್ತದೆ. "ಮೊದಲ ಸ್ಥಾನ ಗ್ಯಾರಂಟಿ" ಅನ್ನುವವರನ್ನೂ ನಂಬಬೇಡಿ. ಆ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಅಂಗಡಿ ಹೆಸರಿನ ಜಾಗದಲ್ಲಿ ಹೆಸರು ಮಾತ್ರ ಇರಲಿ. "ದಾವಣಗೆರೆಯ ಅತ್ಯುತ್ತಮ ಕಡಿಮೆ ದರದ" ಅಂತೆಲ್ಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತು ಆಗಬಹುದು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇವೆಯಲ್ಲ. ಸ್ವಂತ ಡೊಮೇನ್ (ಸ್ವಂತ ವೆಬ್ ವಿಳಾಸ) ಯಾಕೆ?

ಬೇರೆಯವರ ಜಾಗದಲ್ಲಿ ಕಟ್ಟಿದ್ದನ್ನು ಅವರು ಯಾವಾಗ ಬೇಕಾದರೂ ತೆಗೆಯಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಹಿಂದೆ ಉಚಿತ ವೆಬ್‌ಸೈಟ್ ಸಿಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದ್ದವರ ಪಾಡು ಯೋಚಿಸಿ.

ಡೊಮೇನ್ ಕೊಳ್ಳುವಾಗ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ಕೊಡಿ. ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಬೇಡ. ಅವನು ಒಳ್ಳೆಯವನೇ ಇರಬಹುದು, ಆದರೆ ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಪಾಸ್‌ವರ್ಡ್ ಅವನ ಜೊತೆ ಹೋಗುತ್ತದೆ. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಡಾಟ್ ಇನ್ ಸಾಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಕೂಡ ಇದೆ. ಇಷ್ಟವಾದರೆ ಎರಡನ್ನೂ ತೆಗೆದುಕೊಂಡು ಒಂದೇ ಸೈಟಿಗೆ ಸೇರಿಸಬಹುದು.

ಸರಿ, ಮಾಹಿತಿ ಹಾಕಿಯಾಯಿತು. ಜಾಹೀರಾತು ಹೇಗೆ ಕೆಲಸ ಮಾಡುತ್ತೆ?

ವೆಬ್‌ನಲ್ಲಿ ಬ್ಯಾನರ್ ಜಾಹೀರಾತು ಹೆಸರಾಗಿದ್ದು 1994ರಲ್ಲಿ. ಅಮೆರಿಕದ ಹಾಟ್‌ವೈರ್ಡ್ ಅನ್ನುವ ಸೈಟ್ ಆ ವರ್ಷ ಅಕ್ಟೋಬರ್ 27ರಂದು ದೂರವಾಣಿ ಕಂಪನಿಯೊಂದರ ಬ್ಯಾನರ್ ಹಾಕಿತು. ಆಗ ಪತ್ರಿಕೆಯಂತೆಯೇ ಜಾಗಕ್ಕೆ ದುಡ್ಡು. 2000ನೇ ಇಸವಿಯಲ್ಲಿ ಗೂಗಲ್ ಆ್ಯಡ್‌ವರ್ಡ್ಸ್ ಶುರು ಮಾಡಿತು. ಇವತ್ತು ಅದರ ಹೆಸರು ಗೂಗಲ್ ಆ್ಯಡ್ಸ್. ಇದರಲ್ಲಿ ಜನ ಹುಡುಕಿದ ಮಾತಿಗೆ ತಕ್ಕ ಜಾಹೀರಾತು ಕಾಣುತ್ತದೆ. ಯಾರಾದರೂ ಒತ್ತಿದರೆ ಮಾತ್ರ ನಿಮ್ಮ ದುಡ್ಡು ಕಡಿತ.

ಪ್ರತಿ ಹುಡುಕಾಟಕ್ಕೂ ಒಂದು ಹರಾಜು ನಡೆಯುತ್ತದೆ. ಜಾಸ್ತಿ ಕೂಗಿದವರೇ ಗೆಲ್ಲುತ್ತಾರೆ ಅಂದುಕೊಳ್ಳಬೇಡಿ. ಹುಡುಕಿದ ಮಾತಿಗೂ ಜಾಹೀರಾತಿಗೂ ಎಷ್ಟು ಹೊಂದುತ್ತೆ, ಒತ್ತಿದ ಮೇಲೆ ತೆರೆಯುವ ಪುಟ ಎಷ್ಟು ಚೆನ್ನಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಮಾಹಿತಿ ಸರಿ ಇರುವ ಪುಟಕ್ಕೆ ಕಡಿಮೆ ದರದಲ್ಲೂ ಮೇಲಿನ ಜಾಗ ಸಿಗಬಹುದು. ಮಾಹಿತಿ ಮೊದಲು ಅಂತ ನಾವು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜನ ಏನನ್ನೂ ಹುಡುಕುತ್ತಿರುವುದಿಲ್ಲ. ನೋಡುತ್ತಾ ಹೋಗುವಾಗ ನಿಮ್ಮ ಜಾಹೀರಾತು ಮಧ್ಯೆ ಬರುತ್ತದೆ. ನಲ್ಲಿ ರಿಪೇರಿ, ಲ್ಯಾಬ್, ಟೈರ್ ಅಂಗಡಿಗೆ ಹುಡುಕಾಟದ ಜಾಹೀರಾತೇ ವಾಸಿ. ಸೀರೆ, ಕೇಕ್, ಮದುವೆ ಫೋಟೊದಂಥ ಕಣ್ಣಿಗೆ ಕಾಣುವ ಸರಕಿಗೆ ಇನ್‌ಸ್ಟಾಗ್ರಾಂ ಸರಿ.

ಎಷ್ಟು ದುಡ್ಡು ಹಾಕಬೇಕು? ಹಾಕಿದ್ದು ಪೋಲಾಗದ ಹಾಗೆ ಹೇಗೆ ನೋಡಿಕೊಳ್ಳುವುದು?

ಕಳೆದುಕೊಂಡರೂ ಅಂಗಡಿ ಬಾಡಿಗೆಗೆ ತೊಂದರೆ ಆಗದಷ್ಟು ಹಾಕಿ ನೋಡಿ. ದಿನದ ಮಿತಿಯನ್ನು ನೀವೇ ಇಡಬಹುದು. ಗೂಗಲ್ ಯಾವುದೋ ಒಂದು ದಿನ ಆ ಮಿತಿಯ ಎರಡರಷ್ಟು ಖರ್ಚು ಮಾಡಬಹುದು. ತಿಂಗಳ ಲೆಕ್ಕದಲ್ಲಿ ಮಾತ್ರ ದಿನದ ಮಿತಿಯ 30.4 ಪಟ್ಟು ಮೀರುವುದಿಲ್ಲ. ಇದರ ಮೇಲೆ 18% ಜಿಎಸ್‌ಟಿ ಬೇರೆ. ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ದುಡ್ಡು ಪೋಲಾಗುವುದು ಹೆಚ್ಚಾಗಿ ಎರಡು ಕಡೆ.

ಒಂದು, ಜಾಗದ ಸೆಟ್ಟಿಂಗ್. ಗೂಗಲ್‌ನಲ್ಲಿ ದಾವಣಗೆರೆ ಅಂತ ಆರಿಸಿದರೆ, ದಾವಣಗೆರೆಯಲ್ಲಿ ಇರುವವರಿಗಷ್ಟೇ ಅಲ್ಲ, ದಾವಣಗೆರೆ ಬಗ್ಗೆ ಆಸಕ್ತಿ ತೋರಿಸಿದ ಬೇರೆ ಊರಿನವರಿಗೂ ಜಾಹೀರಾತು ಹೋಗುತ್ತದೆ. ನೀವು ಬದಲಿಸದಿದ್ದರೆ ಹಾಗೇ ಇರುತ್ತದೆ. ಲಾಡ್ಜ್‌ಗೆ ಇದು ಒಳ್ಳೆಯದೇ. ವಾಟರ್ ಕ್ಯಾನ್ ಕೊಡುವವರಿಗೆ ಬೆಂಗಳೂರಿನಲ್ಲಿ ಕೂತವರ ಕ್ಲಿಕ್ ಯಾಕೆ ಬೇಕು? "ಈ ಜಾಗದಲ್ಲಿ ಇರುವವರು ಮಾತ್ರ" ಅನ್ನುವ ಆಯ್ಕೆಗೆ ಬದಲಿಸಿ.

ಎರಡು, ಬೇಡದ ಹುಡುಕಾಟ. "ದಾವಣಗೆರೆ ಬೆಣ್ಣೆ ದೋಸೆ" ಅಂತ ಹುಡುಕುವವರಲ್ಲಿ ಎಷ್ಟೋ ಜನರಿಗೆ ಮಾಡುವ ವಿಧಾನ ಬೇಕು, ಹೋಟೆಲ್ ಬೇಡ. ಮಾಡುವುದು ಹೇಗೆ, ರೆಸಿಪಿ, ಹಿಟ್ಟಿನ ಅಳತೆ, ವೀಡಿಯೊ ಇಂಥ ಮಾತುಗಳನ್ನು ಬೇಡದ ಪಟ್ಟಿಗೆ (ನೆಗೆಟಿವ್ ಕೀವರ್ಡ್ಸ್) ಸೇರಿಸಿ. ವಾರಕ್ಕೊಮ್ಮೆ ಹುಡುಕಾಟದ ಮಾತುಗಳ ವರದಿ ತೆಗೆದು ಓದಿ.

ಫಲ ಬಂತಾ ಅಂತ ತಿಳಿಯಲು ಲೈಕ್ ಎಣಿಸಬೇಡಿ. ಕರೆ ಮಾಡಿದವರನ್ನು "ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?" ಅಂತ ಕೇಳಿ ಬರೆದಿಡಿ.

ಫುಡ್ ವ್ಲಾಗರ್ ಬಂದು ವೀಡಿಯೊ ಮಾಡ್ತೀನಿ, ದುಡ್ಡು ಕೊಡಿ ಅಂತಾರೆ. ಕೊಡಬಹುದಾ?

ಕೊಡಬಹುದು, ಆದರೆ ಅದು ಜಾಹೀರಾತು ಅಂತ ವೀಡಿಯೊದಲ್ಲೇ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿ ಆಸ್ಕಿ 2021ರಲ್ಲೇ ಈ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಕೊಟ್ಟಿತು. ದುಡ್ಡಷ್ಟೇ ಅಲ್ಲ, ಉಚಿತ ಊಟ, ಉಡುಗೊರೆ, ಪ್ರವಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹತ್ತಾರು ಹ್ಯಾಶ್‌ಟ್ಯಾಗ್‌ಗಳ ನಡುವೆ ಬಚ್ಚಿಡುವಂತಿಲ್ಲ. ಕನ್ನಡದ ವೀಡಿಯೊ ಆದರೆ ಕನ್ನಡದಲ್ಲೇ "ಇದು ಜಾಹೀರಾತು" ಅಂತ ಹಾಕಿಸಿ.

ಊರಿನ ಸುದ್ದಿ ಪುಟಗಳಲ್ಲೂ ಅಷ್ಟೇ. ದುಡ್ಡು ಕೊಟ್ಟು ಬರೆಸಿದ್ದು ಸುದ್ದಿಯ ವೇಷದಲ್ಲಿ ಬಂದರೆ ಓದುಗರಿಗೆ ಮೋಸ. ನಾವು ಇದನ್ನು ತುಂಬಾ ಗಟ್ಟಿಯಾಗಿ ನಂಬುತ್ತೇವೆ. ನಾಳೆ ಅದೇ ಪುಟ ನಿಮ್ಮ ಅಂಗಡಿಯ ಬಗ್ಗೆ ನಿಜವಾದ ಒಳ್ಳೆಯ ಸುದ್ದಿ ಬರೆದರೂ ಯಾರೂ ನಂಬುವುದಿಲ್ಲ.

ಜಾಹೀರಾತಿನಲ್ಲಿ ಏನನ್ನು ಹೇಳಬಾರದು?

ಸಾಬೀತು ಮಾಡಲಾಗದ್ದನ್ನು ಹೇಳಬಾರದು. "ನಂಬರ್ ಒನ್" ಅಂದರೆ ಯಾರ ಎಣಿಕೆಯಲ್ಲಿ ಅಂತ ಕೇಳಿದಾಗ ದಾಖಲೆ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ವೆಬ್ ಜಾಹೀರಾತೂ ಇದರಲ್ಲಿ ಸೇರಿದೆ. ನಮ್ಮೂರಿನ ಕೆಲವು ವೃತ್ತಿಗಳಿಗೆ ಬೇರೆ ನಿಯಮಗಳೂ ಇವೆ.

ಔಷಧಿ ಮಾರುವವರು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯನ್ನು ತಿಳಿದಿರಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ಕಲ್ಲು, ಕಣ್ಣಿನ ಪೊರೆ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವಂತಿಲ್ಲ. ವಾಟ್ಸ್ಆಪ್ ಸ್ಟೇಟಸ್‌ನಲ್ಲಿ ಇಂಥವು ತುಂಬಾ ಓಡಾಡುತ್ತವೆ. ನಂಬಿದವರು ಇರುವ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಅದಕ್ಕೇ ಇದು ಬರೀ ಕಾಗದದ ನಿಯಮ ಅಲ್ಲ. ಸ್ಕ್ಯಾನಿಂಗ್ ಸೆಂಟರ್‌ನವರು ಭ್ರೂಣಲಿಂಗ ಪತ್ತೆಯ ಸುಳಿವು ಕೊಡುವ ಒಂದು ಪದವನ್ನೂ ಹಾಕುವಂತಿಲ್ಲ. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಇಂಟರ್ನೆಟ್ ಅನ್ನೂ ಹೆಸರಿಸಿ ಸೇರಿಸಿದೆ.

ಕೋಚಿಂಗ್ ಸೆಂಟರ್‌ಗಳಿಗೆ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. ರ‍್ಯಾಂಕ್ ಬಂದ ವಿದ್ಯಾರ್ಥಿಯ ಫೋಟೊ ಹಾಕಲು ಅವರ ಲಿಖಿತ ಒಪ್ಪಿಗೆ ಬೇಕು. ಅದೂ ಫಲಿತಾಂಶ ಬಂದ ಮೇಲೆ ಪಡೆದದ್ದು. ಅವರು ನಿಮ್ಮಲ್ಲಿ ಓದಿದ್ದು ಎರಡು ವರ್ಷದ ಕೋರ್ಸಾ, ಕೊನೆಯ ಟೆಸ್ಟ್ ಸರಣಿ ಮಾತ್ರವಾ ಅನ್ನುವುದನ್ನೂ ತಿಳಿಸಬೇಕು. "ಸೀಟು ಗ್ಯಾರಂಟಿ" ಅನ್ನುವಂತಿಲ್ಲ. ಹಳ್ಳಿಯ ಅಪ್ಪ ಅಮ್ಮ ಅಡಿಕೆ, ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಫೀಸು ಕಟ್ಟುತ್ತಾರೆ. ಅವರಿಗೆ ನಿಜ ತಿಳಿಯಲೇಬೇಕು.

ಲೇಔಟ್ ಮಾಡಿ ಸೈಟು ಮಾರುವವರು ನೋಂದಣಿ ಬೇಕಿರುವ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಮತ್ತು ರೇರಾ ವೆಬ್ ವಿಳಾಸ ಇಲ್ಲದೆ ಜಾಹೀರಾತು ಹಾಕುವಂತಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ. ಹೆಸರು, ವಿಳಾಸ, ಫೋನ್, ಓದು, ಯಾವ ಬಗೆಯ ಕೇಸು ಅನ್ನುವಷ್ಟನ್ನು ಸೈಟಿನಲ್ಲಿ ಹಾಕಲು ಬಾರ್ ಕೌನ್ಸಿಲ್ 2008ರಿಂದ ಬಿಟ್ಟಿದೆ.

"ಇವತ್ತೇ ಕೊನೆ ದಿನ" ಅಂತ ಹಾಕಿದರೆ ಜನ ಬೇಗ ಕೊಳ್ಳುತ್ತಾರಲ್ಲ?

ನಿಜವಾಗಿ ಕೊನೆ ದಿನವಾದರೆ ಹಾಕಿ. ನಾಳೆಯೂ ಅದೇ ಆಫರ್ ಇರುತ್ತದೆ ಅಂದರೆ ಅದು ಸುಳ್ಳು. 2023ರಲ್ಲಿ ಸರ್ಕಾರ ಇಂಥ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಮೊದಲು ಕಡಿಮೆ ದರ ತೋರಿಸಿ ಕೊನೆಯಲ್ಲಿ ಪ್ಯಾಕಿಂಗ್, ಡೆಲಿವರಿ ಅಂತ ಸೇರಿಸುತ್ತಾ ಹೋಗುವುದು ಇನ್ನೊಂದು.

ನಮ್ಮದು ಊರಿನ ಸುದ್ದಿ ಸೈಟ್. ಎಷ್ಟು ಜಾಹೀರಾತು ಹಾಕಬಹುದು?

ಓದುವವರ ಬೆರಳಿಗೆ ಅಡ್ಡ ಬರದಷ್ಟು. ತೆರೆದ ಕೂಡಲೇ ಪುಟವನ್ನೇ ಮರೆಮಾಡುವ ಪಾಪ್‌ಅಪ್, ತಾನೇ ಶಬ್ದ ಮಾಡುವ ವೀಡಿಯೊ, ಮೊಬೈಲ್ ಪುಟದ 30%ಗಿಂತ ಜಾಸ್ತಿ ಜಾಗ ತಿನ್ನುವ ಜಾಹೀರಾತು ಬೇಡ. ಇಂಥ ಸೈಟ್‌ಗಳ ಜಾಹೀರಾತನ್ನು ಕ್ರೋಮ್ 2019ರ ಜುಲೈನಿಂದ ಜಗತ್ತಿನಾದ್ಯಂತ ತಡೆಯುತ್ತಿದೆ. ನಿಮ್ಮ ಸೈಟಿನಲ್ಲಿ ಬರುವ ಜಾಹೀರಾತನ್ನು ನೀವೇ ಒತ್ತಬೇಡಿ, ಸ್ನೇಹಿತರಿಗೂ ಹೇಳಬೇಡಿ. ಜಾಹೀರಾತಿನ ಖಾತೆ ರದ್ದಾಗಬಹುದು.

ಗಿರಾಕಿಗಳ ನಂಬರ್ ಇದೆ. ವಾಟ್ಸ್ಆಪ್‌ನಲ್ಲಿ ಆಫರ್ ಕಳಿಸಬಹುದಾ?

ಕೇಳಿ ಕಳಿಸಿ. ಬಿಲ್ ಮಾಡುವಾಗ "ಹೊಸ ಸ್ಟಾಕ್ ಬಂದಾಗ ತಿಳಿಸಲಾ?" ಅಂತ ಕೇಳಿದರೆ ಎಷ್ಟೋ ಜನ ಹೂಂ ಅನ್ನುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ತಿರುಳೂ ಒಪ್ಪಿಗೆಯೇ. ಗ್ರೂಪ್ ಮಾಡಬೇಡಿ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಇದರಿಂದ ತುಂಬಾ ಕಿರಿಕಿರಿ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಅದರಲ್ಲಿ 256 ಜನರವರೆಗೆ ಸೇರಿಸಬಹುದು. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಬೇಡ ಅಂದವರನ್ನು ಅವತ್ತೇ ತೆಗೆಯಿರಿ.

ಯಾರೋ ಒಂದೇ ಸ್ಟಾರ್ ಕೊಟ್ಟು ಬೈದಿದ್ದಾರೆ.

ಸಿಟ್ಟು ಇಳಿದ ಮೇಲೆ ಎರಡು ಸಾಲು ಉತ್ತರ ಬರೆಯಿರಿ. ತಪ್ಪಾಗಿದ್ದರೆ ಒಪ್ಪಿಕೊಂಡು ಏನು ಸರಿಪಡಿಸಿದಿರಿ ಅಂತ ಹೇಳಿ. ಆ ಉತ್ತರವನ್ನು ಓದುವುದು ಬೈದವರಿಗಿಂತ ಹೆಚ್ಚಾಗಿ ಮುಂದೆ ಬರುವ ಗಿರಾಕಿ. ದುಡ್ಡು ಕೊಟ್ಟು ಐದು ಸ್ಟಾರ್ ಬರೆಸಬೇಡಿ. ಒಂದೇ ಧಾಟಿಯ ಹೊಗಳಿಕೆ ಓದಿದವರಿಗೆ ಕೂಡಲೇ ಗೊತ್ತಾಗುತ್ತದೆ.

ಅಂಗಡಿಯನ್ನು ಬೇರೆ ರಸ್ತೆಗೆ ಬದಲಾಯಿಸಿದೆವು. ಹೊಸ ಪುಟ ಮಾಡಬೇಕಾ?

ಬೇಡ. ಇರುವ ಪ್ರೊಫೈಲ್‌ನಲ್ಲೇ ವಿಳಾಸ ಬದಲಿಸಿ. ಹಳೆಯ ರಿವ್ಯೂಗಳು ಸಾಮಾನ್ಯವಾಗಿ ಉಳಿಯುತ್ತವೆ. ಆಮೇಲೆ ನಿಮ್ಮ ಅಂಗಡಿ ಹೆಸರನ್ನು ನೀವೇ ಹುಡುಕಿ ನೋಡಿ. ಹಳೆಯ ವಿಳಾಸ ಬೇರೆ ಬೇರೆ ಡೈರೆಕ್ಟರಿಗಳಲ್ಲಿ, ಹಳೆಯ ಪೋಸ್ಟ್‌ಗಳಲ್ಲಿ ಉಳಿದಿರುತ್ತದೆ. ಒಂದೊಂದಾಗಿ ತಿದ್ದಿ. ನಡೆಯುತ್ತಿರುವ ಜಾಹೀರಾತಿನಲ್ಲೂ ವಿಳಾಸ ಬದಲಿಸುವುದನ್ನು ಮರೆಯಬೇಡಿ. ಫೋನ್ ನಂಬರ್ ಕೂಡ ಬದಲಾಗಿದ್ದರೆ ಹಳೆಯ ಸಿಮ್ಮನ್ನು ಕೆಲವು ತಿಂಗಳು ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ. ಬಿಟ್ಟ ನಂಬರ್ ಬೇರೆಯವರಿಗೆ ಹೋದರೆ ನಿಮ್ಮ ಗಿರಾಕಿಯ ಕರೆಯೂ ಅವರಿಗೇ ಹೋಗುತ್ತದೆ.